ಡೀಸೆಲ್ ಲಾರಿಯ ಗಾಳಿದಾರಿಯಲ್ಲಿ ಆಯಿಲ್ ಶೇಖರಣೆ

ಡೀಸೆಲ್ ಎಂಜಿನ್ನಿಗೆ ಗಾಳಿ ಸಾಗಿಸುವ ಹೋಸ್, ಟರ್ಬೊ, ಇಂಟರ್‌ಕೂಲರ್, ಮ್ಯಾನಿಫೋಲ್ಡ್‌ಗಳ ಒಳಮೈಯಲ್ಲಿ ಎಂಜಿನ್ ಆಯಿಲ್ ಕೂಡಿಕೊಳ್ಳುವ ತೊಂದರೆ. ಟರ್ಬೊ ಇರುವ ಯಾವ ಲಾರಿಯ ಹೋಸ್ ಬಿಚ್ಚಿ ಒಳಗೆ ಬೆರಳಾಡಿಸಿದರೂ ತೆಳ್ಳನೆಯ ಜಿಡ್ಡು ಅಂಟುತ್ತದೆ. ಅಷ್ಟು ಸಹಜ. ಹೋಸಿನ ತಗ್ಗಿನಲ್ಲಿ ಆಯಿಲ್ ಮಡುಗಟ್ಟಿ ನಿಂತಿದ್ದರೆ, ಇಂಟರ್‌ಕೂಲರ್ ಬಗ್ಗಿಸಿದಾಗ ಧಾರೆಯಾಗಿ ಸುರಿದರೆ, ಮ್ಯಾನಿಫೋಲ್ಡಿನ ಬಾಯಿ ಕರಿ ಮಸಿ ಕಟ್ಟಿ ಕಿರಿದಾಗಿದ್ದರೆ ಎಂಜಿನ್ನಿನಲ್ಲಿ ಎಲ್ಲೋ ಕೆಟ್ಟಿದೆ ಎಂದೇ ತಿಳಿಯಬೇಕು. ಪಿಸ್ಟನ್ ರಿಂಗ್, ಟರ್ಬೊ ಬೇರಿಂಗ್, ಬ್ರೇಕಿನ ಹವಾ ಕಂಪ್ರೆಸರ್ ಹೀಗೆ ಬೇರೆ ಬೇರೆ ಕಡೆ ಆದ ಸವೆತ ಗಾಳಿದಾರಿಗೆ ಬಂದು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಆಯಿಲ್ ಎಲ್ಲಿಂದ ಶುರುವಾಗಿದೆ ಎಂದು ದಾರಿ ಹಿಡಿದು ಹುಡುಕುವುದು ಈ ರಿಪೇರಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಕೆಲಸ. ಹುಡುಕದೆ ಹೊಸ ಟರ್ಬೊ ಕೂಡಿಸಿದ ಲಾರಿ ಅದೇ ದೂರು ಹೊತ್ತು ಮತ್ತೆ ಷೆಡ್ಡಿಗೆ ಬರುತ್ತದೆ.

ಹೈದರಾಬಾದಿನಲ್ಲಿ ಈ ತೊಂದರೆಗೆ ಬೇಕಾದ ಕಾರಣಗಳೆಲ್ಲ ಒಂದೇ ಕಡೆ ಸೇರಿವೆ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44, ಪುಣೆಯಿಂದ ಮಚಲೀಪಟ್ಟಣಕ್ಕೆ ಹೋಗುವ ಹೆದ್ದಾರಿ 65 ಇಲ್ಲಿ ಕೂಡುತ್ತವೆ. ನಗರದ ಸುತ್ತ 158 ಕಿ.ಮೀ. ಉದ್ದದ ಹೊರ ವರ್ತುಲ ರಸ್ತೆಯಿದೆ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡದ ಸಿಮೆಂಟು, ಶಹಾಬಾದಿನ ಹಾಸುಗಲ್ಲು, ಕಲಬುರಗಿಯ ತೊಗರಿ, ರಾಯಚೂರಿನ ಅಕ್ಕಿ ಮತ್ತು ಹತ್ತಿ ಹೊತ್ತ ಲಾರಿಗಳಿಗೆ ಹೈದರಾಬಾದು ಹತ್ತಿರದ ದೊಡ್ಡ ಪೇಟೆ. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದ ಕಾಲದ ವ್ಯಾಪಾರದ ದಾರಿಗಳು 1956ರ ರಾಜ್ಯ ಪುನರ್ವಿಂಗಡಣೆಯ ನಂತರವೂ ಹಾಗೇ ಉಳಿದವು. ಆಗ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ಪ್ರದೇಶಕ್ಕೆ ಸೇರಿದ ಕೊಡಂಗಲ್ ಮತ್ತು ತಾಂಡೂರು ಈಗ ತೆಲಂಗಾಣದಲ್ಲಿವೆ. ಆ ಕಡೆಯ ಊರುಗಳಲ್ಲಿ ಕನ್ನಡ ಮನೆಮಾತಾಗಿ ಇಂದಿಗೂ ಇದೆ. ಗಾಡಿ ಕೆಟ್ಟರೆ ಈ ಭಾಗದ ಲಾರಿಗಳು ಸೇರುವ ಜಾಗಗಳಲ್ಲಿ ದೊಡ್ಡದು ವಿಜಯವಾಡ ರಸ್ತೆಯಲ್ಲಿ ವನಸ್ಥಲಿಪುರದ ಪಕ್ಕದ ಆಟೊ ನಗರ. ಎಂಜಿನ್, ಟರ್ಬೊ, ರೇಡಿಯೇಟರ್, ಪಂಪು, ನಾಜಲ್ ಎಂದು ಒಂದೊಂದಕ್ಕೂ ಬೇರೆ ಬೇರೆ ಕೈಗಳಿರುವ ಊರು ಅದು. ಈ ಕಸುಬಿನ ಹಂಚಿಕೆಯಿಂದ ಕೆಲಸ ಅಚ್ಚುಕಟ್ಟಾಗುತ್ತದೆ. ಆದರೆ ಗಾಳಿದಾರಿಯ ಆಯಿಲ್ ಮೂರು ನಾಲ್ಕು ಕಸುಬುಗಳಿಗೆ ಒಟ್ಟಿಗೆ ಸೇರಿದ ತೊಂದರೆಯಾದ್ದರಿಂದ ಅದನ್ನು ಪೂರ್ತಿ ನೋಡುವ ಹೊಣೆ ಯಾರಿಗೂ ಸೇರದೆ ಉಳಿದುಬಿಡುತ್ತದೆ.

ಈ ಪ್ರದೇಶಕ್ಕೆ ಮೋಟಾರು ಕಸುಬಿನ ಹಳೆಯ ಪರಂಪರೆಯಿದೆ. ನಿಜಾಮರ ಸರ್ಕಾರಿ ರೈಲ್ವೆಯ ರಸ್ತೆ ಸಾರಿಗೆ ಇಲಾಖೆ 1932ರಲ್ಲಿ 27 ಬಸ್ಸುಗಳಿಂದ ಆರಂಭವಾಯಿತು. 1942ರಲ್ಲಿ ಶುರುವಾದ ಹೈದರಾಬಾದಿನ ಆಲ್ವಿನ್ ಕಂಪನಿ ಬಸ್ಸಿನ ಬಾಡಿ ಕಟ್ಟಿತು. ಅದೇ ಆಲ್ವಿನ್ 1980ರ ದಶಕದಲ್ಲಿ ಜಪಾನಿನ ನಿಸ್ಸಾನ್ ಜೊತೆ ಸೇರಿ, ಬೀದರಿಗೆ ಅಂಟಿಕೊಂಡ ಜಹೀರಾಬಾದಿನಲ್ಲಿ ಸಣ್ಣ ಡೀಸೆಲ್ ಟ್ರಕ್ಕು ತಯಾರಿಸಿತು. ಮುಂದೆ ಆ ಕಾರ್ಖಾನೆ ಮಹೀಂದ್ರದ ಕೈಸೇರಿತು.

ಗಾಳಿ ಸಾಗುವ ದಾರಿ

ಹೊರಗಿನ ಗಾಳಿ ಮೊದಲು ಏರ್ ಫಿಲ್ಟರಿನಲ್ಲಿ ಸೋಸಿ, ಹೋಸಿನ ಮೂಲಕ ಟರ್ಬೊದ ಕಂಪ್ರೆಸರ್ ಚಕ್ರಕ್ಕೆ ಬರುತ್ತದೆ. ಅಲ್ಲಿ ಒತ್ತಡ ಏರಿದ ಗಾಳಿ 150 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಕಾಯುತ್ತದೆ. ರೇಡಿಯೇಟರಿನ ಮುಂದಿರುವ ಇಂಟರ್‌ಕೂಲರ್ ಅದನ್ನು ತಣ್ಣಗೆ ಮಾಡಿ ಮ್ಯಾನಿಫೋಲ್ಡಿಗೆ ಕಳಿಸುತ್ತದೆ. ಆರು ಲೀಟರ್ ಗಾತ್ರದ ಎಂಜಿನ್ 2,000 ಆರ್‌ಪಿಎಂನಲ್ಲಿ ತಿರುಗುವಾಗ ಟರ್ಬೊ ಇಲ್ಲದೆಯೇ ನಿಮಿಷಕ್ಕೆ ಸುಮಾರು 6,000 ಲೀಟರ್ ಗಾಳಿ ಎಳೆಯುತ್ತದೆ. ಟರ್ಬೊ ಇದ್ದರೆ ಅದು ಸಲೀಸಾಗಿ ಎರಡು ಪಟ್ಟಾಗುತ್ತದೆ. ಸಮುದ್ರಮಟ್ಟದಿಂದ 540 ಮೀಟರ್ ಎತ್ತರದ ಹೈದರಾಬಾದಿನಲ್ಲಿ ಗಾಳಿ ಕರಾವಳಿಗಿಂತ ನೂರಕ್ಕೆ ಐದಾರರಷ್ಟು ತೆಳು. ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಇನ್ನೂ ತೆಳುವಾಗುತ್ತದೆ. ಅದೇ ಶಕ್ತಿಗೆ ಟರ್ಬೊ ಹೆಚ್ಚು ದುಡಿಯಬೇಕು, ಇಂಟರ್‌ಕೂಲರ್ ಹೆಚ್ಚು ಶಾಖ ಕಳೆಯಬೇಕು. ಒಳಗೆ ಜಿಡ್ಡು ಕಟ್ಟಿದ ಇಂಟರ್‌ಕೂಲರಿನ ಕೊರತೆ ಚಳಿಗಾಲದಲ್ಲಿ ಗೊತ್ತಾಗದಿದ್ದರೂ ಬೇಸಿಗೆಯಲ್ಲಿ ಗೊತ್ತಾಗುತ್ತದೆ.

ಆಯಿಲ್ ಎಲ್ಲಿಂದ ಬರುತ್ತದೆ

ದಹನದ ಒತ್ತಡದಲ್ಲಿ ಸ್ವಲ್ಪ ಅನಿಲ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಚೇಂಬರಿಗೆ ನುಸುಳುತ್ತದೆ. ಇದನ್ನು ಬ್ಲೋ-ಬೈ ಎನ್ನುತ್ತಾರೆ. ಹೊಸ ಎಂಜಿನ್ನಿನಲ್ಲೂ ಇದು ತಪ್ಪಿದ್ದಲ್ಲ. ಚೇಂಬರಿನೊಳಗೆ ಕ್ರ್ಯಾಂಕ್ ತಿರುಗುತ್ತಾ ಆಯಿಲನ್ನು ಸಿಡಿಸುತ್ತಿರುವುದರಿಂದ ಹೊರಬರುವ ಅನಿಲ ಆಯಿಲಿನ ಸೂಕ್ಷ್ಮ ಮಂಜನ್ನೂ ಹೊತ್ತು ತರುತ್ತದೆ. ಅದರ ಹನಿಗಳು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಸಣ್ಣವು. ಹಳೆಯ ಲಾರಿಗಳಲ್ಲಿ ಈ ಅನಿಲ ಹೊರಬಿಡುವ ಬ್ರೀದರ್ ಪೈಪು ಎಂಜಿನ್ನಿನ ಪಕ್ಕದಿಂದ ಇಳಿದು ನೆಲದ ಕಡೆ ಬಾಯ್ತೆರೆದಿರುತ್ತಿತ್ತು. ಆಯಿಲ್ ರಸ್ತೆಗೆ ತೊಟ್ಟಿಕ್ಕುತ್ತಿತ್ತು, ಗಾಳಿದಾರಿ ಒಣಗಿರುತ್ತಿತ್ತು. ಮುಚ್ಚಿದ ವ್ಯವಸ್ಥೆಯಲ್ಲಿ ಅದೇ ಪೈಪು ಆಯಿಲ್ ಬೇರ್ಪಡಿಸುವ ಒಂದು ಸೆಪರೇಟರ್ ದಾಟಿ ಟರ್ಬೊದ ಬಾಯಿಗೆ ಸೇರುತ್ತದೆ. ಸೆಪರೇಟರಿನ ಎಲಿಮೆಂಟ್ ಕಟ್ಟಿಕೊಂಡರೆ ಅಥವಾ ರಿಂಗು ಸವೆದು ಬ್ಲೋ-ಬೈ ಹೆಚ್ಚಿದರೆ ಮಂಜು ನೇರವಾಗಿ ಟರ್ಬೊ ಸೇರುತ್ತದೆ. ಲೆವೆಲ್ಲಿಗಿಂತ ಹೆಚ್ಚು ಆಯಿಲ್ ತುಂಬಿದರೂ ಹೀಗೇ ಆಗುತ್ತದೆ. ಒಂದು ಲೀಟರ್ ಹೆಚ್ಚಿಗೆ ಇರಲಿ ಎಂದು ಹಾಕುವವರು ಈಗಲೂ ಇದ್ದಾರೆ. ಹೆಚ್ಚಾದ ಆಯಿಲಿಗೆ ಕ್ರ್ಯಾಂಕ್ ತಾಗಿ ನೊರೆಯೆದ್ದರೆ ಬ್ರೀದರ್ ಅದನ್ನು ಹೊರಗೆ ಹೊಡೆಯುತ್ತದೆ.

ಎರಡನೆಯದು ಟರ್ಬೊ. ಇದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸು ತಿರುಗುವ ಶಾಫ್ಟಿಗೆ ಗೇರ್‌ಬಾಕ್ಸಿನಲ್ಲಿರುವಂಥ ರಬ್ಬರಿನ ಆಯಿಲ್ ಸೀಲ್ ಹಾಕಲಾಗದು, ಸುಟ್ಟುಹೋಗುತ್ತದೆ. ಅಲ್ಲಿರುವುದು ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಬಳೆ. ಅದು ಆಯಿಲನ್ನು ಪೂರ್ತಿ ತಡೆಯುವುದಿಲ್ಲ. ಚಕ್ರದ ಹಿಂಬದಿಯಲ್ಲಿರುವ ಗಾಳಿಯ ಒತ್ತಡ ಒಳಗಿನ ಆಯಿಲನ್ನು ಹಿಂದಕ್ಕೆ ಒತ್ತಿಹಿಡಿದಿರುತ್ತದೆ. ಬೇರಿಂಗಿನಿಂದ ಹೊರಬಂದ ಆಯಿಲ್ ಪಂಪಿನ ನೆರವಿಲ್ಲದೆ ತನ್ನ ಭಾರಕ್ಕೆ ತಾನೇ ರಿಟರ್ನ್ ಪೈಪಿನಲ್ಲಿ ಎಂಜಿನ್ನಿಗೆ ಇಳಿಯಬೇಕು. ಆ ಪೈಪು ದಪ್ಪವಾಗಿ, ಬಹುಮಟ್ಟಿಗೆ ನೆಟ್ಟಗೆ ಇರುವುದು ಇದೇ ಕಾರಣಕ್ಕೆ. ಪೈಪಿನಲ್ಲಿ ಕಾರ್ಬನ್ ಕಟ್ಟಿದರೆ, ಗ್ಯಾಸ್ಕೆಟ್ ಪೇಸ್ಟು ಉಬ್ಬಿ ತೂತನ್ನು ಅರ್ಧ ಮುಚ್ಚಿದರೆ, ಅಥವಾ ಎಂಜಿನ್ ಚೇಂಬರಿನಲ್ಲಿ ಬ್ಲೋ-ಬೈ ಒತ್ತಡ ಏರಿ ಇಳಿಯುವ ಆಯಿಲಿಗೆ ಎದುರಾದರೆ, ಆಯಿಲ್ ಬೇರಿಂಗಿನ ಮನೆಯಲ್ಲೇ ತುಂಬಿ ಬಳೆಯನ್ನು ದಾಟುತ್ತದೆ. ಇಂಥ ಕಡೆ ಟರ್ಬೊದಲ್ಲಿ ಯಾವ ದೋಷವೂ ಇರುವುದಿಲ್ಲ. ಹೊಸದನ್ನು ಕೂಡಿಸಿದರೂ ಅದೂ ಆಯಿಲ್ ಹೊಡೆಯುತ್ತದೆ.

ಏರ್ ಫಿಲ್ಟರ್ ಕಟ್ಟಿಕೊಂಡರೂ ಫಲ ಇದೇ. ಕಂಪ್ರೆಸರಿನ ಬಾಯಲ್ಲಿ ಎಳೆತ ಹೆಚ್ಚಿ ಬಳೆಯ ಹೊರಗಿನ ಒತ್ತಡ ಕುಸಿಯುತ್ತದೆ, ಒಳಗಿನ ಆಯಿಲನ್ನು ಹೊರಗೆ ಸೆಳೆಯುತ್ತದೆ. ಫಿಲ್ಟರ್ ಪಕ್ಕದ ಸೂಚಕ ಸಾಮಾನ್ಯವಾಗಿ ನೀರಿನ 635 ಮಿ.ಮೀ. ಎತ್ತರದಷ್ಟು ಎಳೆತಕ್ಕೆ ಕೆಂಪಾಗುತ್ತದೆ. ಅದು ಮುರಿದಿದ್ದರೂ ಪರವಾಗಿಲ್ಲ ಎಂದು ಓಡಿಸುವ ಗಾಡಿಗಳೇ ಹೆಚ್ಚು. ಎಂಜಿನ್ ಬಹಳ ಹೊತ್ತು ಐಡಲ್‌ನಲ್ಲಿ ಇದ್ದಾಗಲೂ ಟರ್ಬೊ ನಿಧಾನವಾಗಿ ತಿರುಗುತ್ತಾ ಒತ್ತಡ ಹುಟ್ಟಿಸದೆ ಸ್ವಲ್ಪ ಸ್ವಲ್ಪ ಆಯಿಲ್ ಜಿನುಗುತ್ತದೆ. ಹೈದರಾಬಾದಿನೊಳಗೆ ಹಗಲಲ್ಲಿ ಭಾರಿ ಸರಕು ಲಾರಿಗಳಿಗೆ ನಿರ್ಬಂಧವಿರುವುದರಿಂದ ಲಾರಿಗಳು ಊರ ಹೊರಗೆ ಗಂಟೆಗಟ್ಟಲೆ ಕಾಯುತ್ತವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಬಿಸಿಲಿನಲ್ಲಿ ಬೇಯುವ ಡ್ರೈವರನಿಗೆ ಇದು ಎಂದೋ ಸಿಗಬೇಕಿದ್ದ ಅನುಕೂಲ. ಜೊತೆಗೆ ಎಸಿಗಾಗಿ ಎಂಜಿನ್ ಓಡಿಸಿಕೊಂಡು ನಿಲ್ಲುವ ಸಮಯವೂ ಹೆಚ್ಚುವುದರಿಂದ ಬ್ರೀದರ್ ಮತ್ತು ಟರ್ಬೊ ತಪಾಸಣೆಯನ್ನು ಕಿಲೋಮೀಟರಿನ ಬದಲು ಎಂಜಿನ್ ಓಡಿದ ಗಂಟೆಯ ಲೆಕ್ಕದಲ್ಲಿ ಮಾಡುವುದು ಒಳ್ಳೆಯದು.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಬ್ರೇಕಿಗೆ ಹವಾ ತುಂಬುವ ಕಂಪ್ರೆಸರಿಗೆ ಎಂಜಿನ್ನಿನಿಂದಲೇ ಆಯಿಲ್ ಬರುತ್ತದೆ. ಅದರ ರಿಂಗು ಸವೆದರೆ ಹವಾ ಎಂಜಿನ್ ಚೇಂಬರಿಗೆ ನುಗ್ಗಿ ಒತ್ತಡ ಏರಿಸುತ್ತದೆ. ಎಂಜಿನ್ ರಿಂಗುಗಳು ಚೆನ್ನಾಗಿದ್ದರೂ ಬ್ರೀದರ್ ಹೊಡೆಯುವುದು ಹೀಗೆ. ಹವಾ ಟ್ಯಾಂಕಿನ ಡ್ರೇನ್ ಕಾಕ್ ತೆರೆದಾಗ ನೀರಿನ ಜೊತೆ ಹಾಲಿನಂಥ ಆಯಿಲ್ ಬಂದರೆ ಇದರ ಸುಳಿವು ಸಿಕ್ಕಿದಂತೆ. ಎಂಜಿನ್ ಬಿಚ್ಚುವ ಮೊದಲು ಈ ಕಾಕ್ ಒಮ್ಮೆ ತೆರೆದು ನೋಡಿದರೆ ಬಡ ಮಾಲೀಕನಿಗೆ ಎಷ್ಟೋ ಸಾವಿರ ರೂಪಾಯಿ ಉಳಿಯುತ್ತದೆ.

ಹಳೆಯ ಲಾರಿಗಳ ಆಯಿಲ್-ಬಾತ್ ಏರ್ ಕ್ಲೀನರಿನಿಂದಲೂ ಆಯಿಲ್ ಬರುತ್ತಿತ್ತು. 1954ರಲ್ಲಿ ಮರ್ಸಿಡಿಸ್-ಬೆಂಜ್ ಸಹಯೋಗದಲ್ಲಿ ಶುರುವಾದ ಟಾಟಾ ಲಾರಿಗಳ, ಅಶೋಕ್ ಲೇಲ್ಯಾಂಡಿನ ಹಳೆಯ ಮಾದರಿಗಳ ಕಾಲದ್ದು ಇದು. ಬೋಗುಣಿಯಲ್ಲಿ ಗುರುತಿಗಿಂತ ಹೆಚ್ಚು ಆಯಿಲ್ ಹೊಯ್ದರೆ ಎಂಜಿನ್ ಅದನ್ನೇ ಎಳೆದುಕೊಳ್ಳುತ್ತಿತ್ತು.

ಧೂಳು

ಹೈದರಾಬಾದು ನಿಂತಿರುವುದು ಗ್ರಾನೈಟ್ ಬಂಡೆಗಳ ಮೇಲೆ. ನಗರ ಬೆಳೆದಂತೆ ಸುತ್ತ ಕ್ವಾರಿ, ಕ್ರಷರ್‌ಗಳು ಬೆಳೆದವು. ಜಲ್ಲಿ ಹೊರುವ ಟಿಪ್ಪರುಗಳು ಬೆಳಗಿನಿಂದ ಸಂಜೆಯವರೆಗೆ ಈ ಧೂಳಿನಲ್ಲೇ ಉಸಿರಾಡುತ್ತವೆ. ತಾಂಡೂರು, ಶಹಾಬಾದಿನ ಕಲ್ಲು ಸುಣ್ಣದ ಜಾತಿಯದು, ಅದರ ಪುಡಿ ಮೆದು. ಗ್ರಾನೈಟಿನಲ್ಲಿ ಸ್ಫಟಿಕದ ಕಣಗಳಿವೆ. ಗಡಸುತನದ ಮೋಸ್ ಮಾನದಲ್ಲಿ ಅವು 7ರ ದರ್ಜೆಯವು. ಸಿಲಿಂಡರ್ ಲೈನರನ್ನು ಗೀರಲು ಅಷ್ಟು ಸಾಕು.

ಏರ್ ಫಿಲ್ಟರಿನ ಎಲಿಮೆಂಟನ್ನು ಟೈರಿಗೆ ಬಡಿದು ಕೊಡವುವುದು, ಹವಾ ಗನ್ನಿನ ಪೂರ್ತಿ ಒತ್ತಡದಲ್ಲಿ ಊದುವುದು ಎಲ್ಲ ಕಡೆ ಕಾಣುವ ಅಭ್ಯಾಸ. ಬಡಿದಾಗ ಎಲಿಮೆಂಟಿನ ತುದಿಯ ರಬ್ಬರು ಸೊಟ್ಟಗಾಗಿ ಪಕ್ಕದಿಂದ ಧೂಳು ನುಸುಳುತ್ತದೆ. ಜೋರಾಗಿ ಊದಿದರೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕಾಗದ ಹರಿಯುತ್ತದೆ. ಅಲ್ಲಿಂದ ಮುಂದಿನದು ಒಂದಕ್ಕೊಂದು ಹೆಣೆದುಕೊಂಡ ಸರಣಿ. ಧೂಳು ಮೊದಲು ಟರ್ಬೊದ ಅಲ್ಯೂಮಿನಿಯಂ ಚಕ್ರದ ಅಂಚನ್ನು ಮೊಂಡು ಮಾಡುತ್ತದೆ, ಆಮೇಲೆ ರಿಂಗು, ಲೈನರ್ ತಿನ್ನುತ್ತದೆ. ರಿಂಗು ಸವೆದರೆ ಬ್ಲೋ-ಬೈ ಹೆಚ್ಚುತ್ತದೆ. ಬ್ರೀದರಿನಿಂದ ಬಂದ ಆಯಿಲ್ ಹೋಸಿನೊಳಗೆ ಅಂಟಾಗಿ ಕೂತು, ನುಸುಳಿದ ಧೂಳನ್ನು ಹಿಡಿದುಕೊಂಡು ರುಬ್ಬಿದ ಹಿಟ್ಟಿನಂತೆ ಆಗುತ್ತದೆ. ಫಿಲ್ಟರಿನ ನಂತರದ ಹೋಸಿನಲ್ಲಿ ಬೆರಳಿಗೆ ಮಣ್ಣು ಬೆರೆತ ಜಿಡ್ಡು ಸಿಕ್ಕಿದರೆ ಆ ಎಂಜಿನ್ ಧೂಳು ತಿನ್ನುತ್ತಿದೆ ಎಂದು ನಿಶ್ಚಯ. ಪ್ರಯೋಗಾಲಯದಲ್ಲಿ ಬಳಸಿದ ಆಯಿಲ್ ಪರೀಕ್ಷಿಸಿದರೆ ಸಿಲಿಕಾನ್, ಕಬ್ಬಿಣದ ಅಂಶಗಳು ಒಟ್ಟಿಗೆ ಏರಿರುವುದೂ ಇದನ್ನೇ ಹೇಳುತ್ತದೆ. ಊದಿ ಊದಿ ಹಳೆಯ ಎಲಿಮೆಂಟನ್ನೇ ನಡೆಸಿ ಉಳಿಸುವ ಹಣ ಎಂಜಿನ್ ಬೋರು ಮಾಡಿಸುವ ಖರ್ಚಿನ ಮುಂದೆ ಏನೇನೂ ಅಲ್ಲ.

ಪರಿಣಾಮಗಳು

ಇಂಟರ್‌ಕೂಲರಿನ ಒಳಗೆ ಹರಡಿದ ಆಯಿಲ್ ಪದರ ಶಾಖ ಹೊರಹೋಗುವುದನ್ನು ತಡೆಯುತ್ತದೆ. ಎಂಜಿನ್ನಿಗೆ ಬಿಸಿ, ತೆಳು ಗಾಳಿ ಸಿಕ್ಕಿ ಡೀಸೆಲ್ ಪೂರ್ತಿ ಉರಿಯದೆ ಕರಿ ಹೊಗೆ ಬರುತ್ತದೆ. ಚಡಾವಿನಲ್ಲಿ ಗಾಡಿ ಎಳೆಯುವುದಿಲ್ಲ, ಮೈಲೇಜು ಇಳಿಯುತ್ತದೆ. ಹೊಗೆ ನೀಲಿಯಾಗಿದ್ದರೆ ಆಯಿಲೇ ಉರಿಯುತ್ತಿದೆ ಎಂದರ್ಥ. ರಬ್ಬರ್ ಹೋಸುಗಳು ಆಯಿಲ್ ಕುಡಿದು ಮೆತ್ತಗಾಗಿ ಉಬ್ಬುತ್ತವೆ, ಕ್ಲಿಪ್ಪಿನಿಂದ ಜಾರಿ ಲೋಡಿನ ಮೇಲೆ ಪಟ್ಟೆಂದು ಕಳಚಿಕೊಳ್ಳುತ್ತವೆ. ಸಾಧಾರಣ ಸಿಲಿಕೋನ್ ಹೋಸಿಗೂ ಆಯಿಲ್ ಆಗಿಬರುವುದಿಲ್ಲ. ಒಳಗೆ ಫ್ಲೋರೋಸಿಲಿಕೋನ್ ಪದರ ಇರುವುದು ತಾಳುತ್ತದೆ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸೆನ್ಸರಿನ ಮೇಲೆ ಜಿಡ್ಡು ಕೂತರೆ ಕಂಪ್ಯೂಟರಿಗೆ ತಪ್ಪು ಲೆಕ್ಕ ಹೋಗಿ ಶಕ್ತಿ ಕಡಿತವಾಗುತ್ತದೆ.

ಇವೆಲ್ಲಕ್ಕಿಂತ ಅಪಾಯದ್ದು ಎಂಜಿನ್ ಕೈಮೀರಿ ಓಡುವುದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ, ಗಾಳಿಯನ್ನು 17ರಲ್ಲಿ ಒಂದು ಪಾಲಿನ ಆಸುಪಾಸಿಗೆ ಒತ್ತಿದಾಗ ಏಳುವ ಬಿಸಿಗೆ ಇಂಧನ ಹೊತ್ತಿಕೊಳ್ಳುತ್ತದೆ. ಆ ಬಿಸಿಗೆ ಡೀಸೆಲ್ಲೂ ಎಂಜಿನ್ ಆಯಿಲೂ ಒಂದೇ. ಇಂಟರ್‌ಕೂಲರಿನ ತಳದಲ್ಲಿ ಮಡುಗಟ್ಟಿದ್ದ ಆಯಿಲ್, ಡ್ರೈವರ್ ಒಮ್ಮೆಲೇ ಪೂರ್ತಿ ರೇಸ್ ಕೊಟ್ಟಾಗ ಗಾಳಿಯ ರಭಸಕ್ಕೆ ಎದ್ದು ಸಿಲಿಂಡರಿಗೆ ನುಗ್ಗಬಹುದು. ಟರ್ಬೊದ ಬೇರಿಂಗ್ ಹೋಗಿ ಆಯಿಲ್ ಎಡೆಬಿಡದೆ ಸುರಿಯಬಹುದು. ಗವರ್ನರ್ ಆಗಲಿ ಕಂಪ್ಯೂಟರ್ ಆಗಲಿ ಅಂಕೆಯಲ್ಲಿಡುವುದು ಡೀಸೆಲ್ಲನ್ನು ಮಾತ್ರ. ಕೀ ತೆಗೆದರೂ ಎಂಜಿನ್ ನಿಲ್ಲದೆ ವೇಗ ಏರುತ್ತಲೇ ಹೋಗುತ್ತದೆ, ಹಿಂದೆ ದಟ್ಟ ಬಿಳಿ-ನೀಲಿ ಹೊಗೆ ಕವಿಯುತ್ತದೆ. ಆಯಿಲ್ ತೀರುವವರೆಗೆ ಅಥವಾ ಕನೆಕ್ಟಿಂಗ್ ರಾಡ್ ಬ್ಲಾಕು ಒಡೆದು ಹೊರಬರುವವರೆಗೆ ಅದು ಓಡುತ್ತದೆ. ಗಾಡಿ ಚಲಿಸುತ್ತಿದ್ದರೆ ಮೇಲಿನ ಗೇರಿನಲ್ಲೇ ಬ್ರೇಕನ್ನು ಬಲವಾಗಿ ಒತ್ತಿ ಕ್ಲಚ್ ಬಿಟ್ಟು ಎಂಜಿನ್ ಉಸಿರುಗಟ್ಟಿಸುವುದು ಒಂದು ಉಪಾಯ. ನಿಂತಿದ್ದರೂ ಮೇಲಿನ ಗೇರು ಹಾಕಿ ಹೀಗೆ ಮಾಡಬಹುದು, ಎದುರಿಗೆ ಜನರಿರಬಾರದು. ಇಂಗಾಲದ ಡೈಆಕ್ಸೈಡ್ ಬೆಂಕಿ ಆರಿಸುವ ಸಿಲಿಂಡರನ್ನು ಗಾಳಿಯ ಬಾಯಿಗೆ ಹಿಡಿಯುವುದು ಇನ್ನೊಂದು. ಬರಿಗೈಯಿಂದ ಅಥವಾ ಬಟ್ಟೆಯಿಂದ ಹೋಸಿನ ಬಾಯಿ ಮುಚ್ಚಲು ಹೋಗಲೇಬಾರದು. ಆ ಎಳೆತಕ್ಕೆ ಬಟ್ಟೆ ಒಳಗೆ ಹೋಗುತ್ತದೆ, ಕೈ ಸಿಕ್ಕಿಕೊಳ್ಳುತ್ತದೆ. ಎರಡೂ ಸಾಧ್ಯವಾಗದಿದ್ದರೆ ಎಂಜಿನ್ನಿನ ಆಸೆ ಬಿಟ್ಟು ದೂರ ಸರಿಯಬೇಕು. ಕ್ಲೀನರ್ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

ಮಾಲಿನ್ಯ ನಿಯಮಗಳಿಂದಾದ ಬದಲಾವಣೆ

ಹೊಗೆಯ ನಿಯಮ ಬಿಗಿಯಾದಂತೆ ಗಾಳಿದಾರಿಯ ಆಯಿಲಿನ ಸ್ವರೂಪವೂ ಬದಲಾಗಿದೆ. ಭಾರತ್ ಸ್ಟೇಜ್ 4, ಅಂದರೆ ಬಿಎಸ್-4 ನಿಯಮ 2010ರ ಏಪ್ರಿಲಿನಲ್ಲಿ ಜಾರಿಗೆ ಬಂದ 13 ನಗರಗಳಲ್ಲಿ ಹೈದರಾಬಾದು, ಬೆಂಗಳೂರು, ಸೊಲ್ಲಾಪುರ ಸೇರಿದ್ದವು. ಉಳಿದ ದೇಶದಲ್ಲಿ ಬಿಎಸ್-3 ಡೀಸೆಲ್ಲೇ ಇದ್ದುದರಿಂದ ದೂರ ಓಡುವ ಲಾರಿಗಳು 2017ರವರೆಗೂ ಬಿಎಸ್-3ರಲ್ಲೇ ಉಳಿದವು. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು ಏಪ್ರಿಲ್ 1ರಿಂದ ಬಿಎಸ್-3 ವಾಹನಗಳ ಮಾರಾಟವನ್ನು ನಿಲ್ಲಿಸಿತು. ಬಿಎಸ್-4ರಲ್ಲಿ ತಯಾರಕರು ಎರಡು ದಾರಿ ಹಿಡಿದರು. ಟಾಟಾದ ದೊಡ್ಡ ಲಾರಿಗಳಿಗೆ ಯೂರಿಯಾ ದ್ರಾವಣ ಸಿಂಪಡಿಸುವ ಎಸ್‌ಸಿಆರ್ ಬಂತು. ಅಶೋಕ್ ಲೇಲ್ಯಾಂಡ್ ಸುಟ್ಟ ಅನಿಲದ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ತಿರುಗಿಸುವ ಇಜಿಆರ್ ಆರಿಸಿಕೊಂಡಿತು. ಇಜಿಆರ್ ಇರುವ ಎಂಜಿನ್ನಿನಲ್ಲಿ ಬ್ರೀದರಿನ ಆಯಿಲ್ ಮಂಜಿಗೆ ಮಸಿ ಸೇರುತ್ತದೆ. ಬರೀ ಆಯಿಲಾದರೆ ಹರಿದುಹೋಗುತ್ತದೆ. ಮಸಿ ಬೆರೆತು ಬಿಸಿಗೆ ಒಣಗಿದ್ದು ಡಾಂಬರಿನಷ್ಟು ಗಟ್ಟಿಯಾಗಿ ಮ್ಯಾನಿಫೋಲ್ಡಿನ ಗೋಡೆ ಹಿಡಿಯುತ್ತದೆ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಬಂತು. ಡೀಸೆಲ್ಲಿನ ಗಂಧಕದ ಮಿತಿ ದಶಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಸೈಲೆನ್ಸರಿನ ಜಾಗದಲ್ಲಿ ಮಸಿ ಹಿಡಿಯುವ ಡಿಪಿಎಫ್ ಕೂತಿತು. ಗಾಳಿದಾರಿಯಿಂದ ಒಳಹೋಗಿ ಉರಿಯುವ ಆಯಿಲ್ ಈಗ ಇನ್ನೂ ದುಬಾರಿ. ಆಯಿಲಿಗೆ ಸೇರಿಸಿದ ಕ್ಯಾಲ್ಸಿಯಂ, ಸತು ಮುಂತಾದವು ಉರಿದಾಗ ಬೂದಿಯಾಗಿ ಡಿಪಿಎಫ್‌ನಲ್ಲಿ ನಿಲ್ಲುತ್ತವೆ. ಮಸಿಯನ್ನು ಬಿಸಿಯೇರಿಸಿ ಸುಡಬಹುದು, ಬೂದಿಯನ್ನು ಸುಡಲಾಗದು. ಬೂದಿ ಕಡಿಮೆ ಬಿಡುವ ಸಿಕೆ-4 ದರ್ಜೆಯ ಆಯಿಲ್ ಬಂದುದು ಈ ಬಗೆಯ ಎಂಜಿನ್ನುಗಳಿಗಾಗಿಯೇ. ಹಳೆಯ ಲಾರಿಗೆ ತಂದ ಡಬ್ಬಿಯನ್ನು ಬಿಎಸ್-6 ಗಾಡಿಗೂ ಸುರಿಯುವುದು ಡಿಪಿಎಫ್‌ಗೆ ಕೇಡು. ಬ್ರೀದರ್ ಪೈಪನ್ನು ಬಿಚ್ಚಿ ಕೆಳಗೆ ಬಿಡುವ ಹಳೆಯ ಉಪಾಯವೂ ಬಿಎಸ್-6 ಗಾಡಿಗೆ ಸಲ್ಲದು. ಟರ್ಬೊ ಹೋಸಿನಲ್ಲಿ ಉಳಿದ ತೂತಿನಿಂದ ಸೋಸದ ಧೂಳು ನೇರವಾಗಿ ಒಳಹೋಗುವುದು ಅದರ ದೊಡ್ಡ ಅಪಾಯ.

ಪತ್ತೆ ಮತ್ತು ರಿಪೇರಿ

ಹುಡುಕುವ ಕೆಲಸ ಫಿಲ್ಟರಿನಿಂದ ಶುರುವಾಗಿ ಗಾಳಿ ಹೋಗುವ ದಿಕ್ಕಿನಲ್ಲೇ ಸಾಗಬೇಕು. ಟರ್ಬೊಗೆ ಮುಂಚಿನ ಹೋಸ್ ಬಿಚ್ಚಿ ನೋಡಿದಾಗ ಬ್ರೀದರ್ ಪೈಪು ಸೇರುವ ಜಾಗದಿಂದ ಮುಂದಕ್ಕೆ ಮಾತ್ರ ಆಯಿಲ್ ಇದ್ದರೆ ಅದು ಬ್ರೀದರಿನದು. ಟರ್ಬೊದ ಬಾಯಿಯವರೆಗೆ ಒಣಗಿದ್ದು ಅದರಾಚೆ ಒದ್ದೆಯಾಗಿದ್ದರೆ ಟರ್ಬೊ ಜಿನುಗುತ್ತಿದೆ. ಆಗಲೂ ಟರ್ಬೊ ಬದಲಿಸುವ ಮೊದಲು ರಿಟರ್ನ್ ಪೈಪು ಬಿಚ್ಚಿ ತೂತು ಪೂರ್ತಿ ಇದೆಯೇ ಎಂದು ನೋಡಬೇಕು. ಚಕ್ರವನ್ನು ಬೆರಳಿನಿಂದ ಅಲ್ಲಾಡಿಸಿ, ಅದು ಹೌಸಿಂಗಿನ ಗೋಡೆಗೆ ತಾಗಿದ ಗುರುತಿದೆಯೇ ನೋಡಬೇಕು. ಶಾಫ್ಟು ಅಡ್ಡಕ್ಕೆ ಒಂದಿಷ್ಟು ಅಲ್ಲಾಡುವುದು ಸಹಜ, ಆಯಿಲ್ ಇಲ್ಲದೆ ನಿಂತಾಗ ಬೇರಿಂಗಿನಲ್ಲಿ ಅಷ್ಟು ಸಡಿಲ ಇದ್ದೇ ಇರುತ್ತದೆ. ಉದ್ದಕ್ಕೆ ಹಿಂದೆ ಮುಂದೆ ಸರಿಯುವುದು ಕೈಗೆ ಸ್ಪಷ್ಟವಾಗಿ ತಿಳಿದರೆ ಬೇರಿಂಗ್ ಹೋಗಿದೆ.

ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಹೊಗೆ ಎಷ್ಟು ಬರುತ್ತದೆ ಎಂದು ನೋಡುವುದು ಎಲ್ಲ ಮೇಸ್ತ್ರಿಗಳಿಗೂ ಗೊತ್ತಿರುವ ಪರೀಕ್ಷೆ. ಅಂದಾಜಿಗೆ ಅದು ಸಾಕು. ನೀರು ತುಂಬಿದ ಪಾರದರ್ಶಕ ಪೈಪಿನ ಮಾನೋಮೀಟರ್ ಕಟ್ಟಿ ಚೇಂಬರಿನ ಒತ್ತಡ ಅಳೆದರೆ ಅನುಮಾನಕ್ಕೆ ಎಡೆಯಿಲ್ಲ. ಈ ಸಾಧನ ಮಾಡಿಕೊಳ್ಳಲು ದುಡ್ಡು ಬೇಕಿಲ್ಲ, ಆದರೂ ಬಳಸುವವರು ಕಡಿಮೆ. ಅಳತೆ ಹೆಚ್ಚಿದ್ದರೆ ಹವಾ ಕಂಪ್ರೆಸರಿನ ಪೈಪು ಕಳಚಿ, ಅದರ ಮೇಲಿನ ಭಾರ ತೆಗೆದು ಮತ್ತೆ ಅಳೆಯಬೇಕು. ಒತ್ತಡ ಥಟ್ಟನೆ ಇಳಿದರೆ ತಪ್ಪು ಕಂಪ್ರೆಸರಿನದು, ಇಳಿಯದಿದ್ದರೆ ಎಂಜಿನ್ನಿನ ರಿಂಗುಗಳದು. ಎರಡು ಸರ್ವೀಸುಗಳ ನಡುವೆ ಎಷ್ಟು ಆಯಿಲ್ ಟಾಪ್‌ಅಪ್ ಮಾಡಿದೆ ಎಂದು ಡ್ರೈವರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಈ ಪರೀಕ್ಷೆಗಳಿಗೆಲ್ಲ ಅದು ಆಧಾರ. ಸಾರಿಗೆ ನಿಗಮಗಳು ಡೀಸೆಲ್ಲಿನಂತೆ ಆಯಿಲಿಗೂ ಕಿಲೋಮೀಟರ್ ಲೆಕ್ಕ ಇಡುತ್ತವೆ. ಒಂದೆರಡು ಲಾರಿ ಇರುವ ಮಾಲೀಕನಿಗೂ ಅದು ಕಷ್ಟವಲ್ಲ.

ಮೂಲ ಸರಿಪಡಿಸಿದ ಮೇಲೆಯೇ ಶುಚಿ ಮಾಡಬೇಕು. ಇಂಟರ್‌ಕೂಲರನ್ನು ಗಾಡಿಯಿಂದ ಇಳಿಸಿ, ಬಾಯಿ ಕೆಳಗೆ ಮಾಡಿ ನಿಲ್ಲಿಸಿ ಆಯಿಲ್ ಇಳಿಯಲು ಬಿಡುತ್ತಾರೆ. ಆಮೇಲೆ ಜಿಡ್ಡು ಕರಗಿಸುವ ದ್ರಾವಣ ಹೊಯ್ದು ಅಲ್ಲಾಡಿಸಿ, ಗಾಳಿ ಸಾಗುವ ದಿಕ್ಕಿಗೆ ಎದುರಾಗಿ ಹೊರಗೆ ತಳ್ಳುತ್ತಾರೆ. ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ತೊಳೆದರೆ ಅದರ ಮೇಲೆ ಸಾಬೂನಿನ ಬಿಸಿನೀರಿನಿಂದ ಮತ್ತೊಮ್ಮೆ ತೊಳೆದು ಪೂರ್ತಿ ಒಣಗಿಸುವುದು ಕಡ್ಡಾಯ. ಒಳಗೆ ಉಳಿದ ಸೀಮೆಎಣ್ಣೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಇಂಧನವಾಗಿ ನುಗ್ಗಿ ಅದೇ ಕೈಮೀರಿದ ಓಟಕ್ಕೆ ಕಾರಣವಾಗಬಹುದು. ಟರ್ಬೊ ಒಡೆದಿದ್ದ ಗಾಡಿಯಾದರೆ ಇಂಟರ್‌ಕೂಲರಿನ ಸಣ್ಣ ನಾಳಗಳಲ್ಲಿ ಚಕ್ರದ ಚೂರುಗಳು ಸಿಕ್ಕಿಕೊಂಡಿರುತ್ತವೆ. ಎಷ್ಟು ತೊಳೆದರೂ ಅವು ಪೂರ್ತಿ ಬರುವುದಿಲ್ಲ, ಅಂಥದ್ದನ್ನು ಬದಲಿಸುವುದೇ ಸರಿ. ಮ್ಯಾನಿಫೋಲ್ಡಿನ ಮಸಿಯನ್ನು ಎಂಜಿನ್ ಮೇಲೆ ಇರುವಾಗಲೇ ಕೆರೆಯಬಾರದು, ಉದುರಿದ ಚೂರು ವಾಲ್ವಿನ ಕೆಳಗೆ ಸಿಕ್ಕುತ್ತದೆ. ಇಳಿಸಿ, ನೆನೆಹಾಕಿ, ಬ್ರಷ್ ಮಾಡಿ, ಹೊಸ ಗ್ಯಾಸ್ಕೆಟ್ ಹಾಕಿ ಕೂಡಿಸಬೇಕು. ಉಬ್ಬಿದ ಹೋಸುಗಳನ್ನು ಒರೆಸಿ ಮತ್ತೆ ಹಾಕುವುದು ಬೇಡ.

ಹೊಸ ಟರ್ಬೊ ಕೂಡಿಸಿದಾಗ ಆಯಿಲ್ ಬರುವ ತೂತಿಗೆ ಶುದ್ಧ ಆಯಿಲ್ ಹೊಯ್ದು, ಡೀಸೆಲ್ ಬಂದ್ ಮಾಡಿ ಸೆಲ್ಫ್ ಹೊಡೆದು ಒತ್ತಡ ಬಂದ ಮೇಲೆಯೇ ಎಂಜಿನ್ ಸ್ಟಾರ್ಟ್ ಮಾಡುತ್ತಾರೆ. ಸ್ಟಾರ್ಟ್ ಆದ ಮೇಲೆ ಕೆಲವು ನಿಮಿಷ ರೇಸ್ ಕೊಡದೆ ಐಡಲ್‌ನಲ್ಲೇ ಬಿಡಬೇಕು. ಒಳಗೆ ಉಳಿದ ಅಲ್ಪಸ್ವಲ್ಪ ಆಯಿಲ್ ಉರಿದು ಮೊದಲು ಒಂದಿಷ್ಟು ನೀಲಿ ಹೊಗೆ ಕಂಡರೆ ಗಾಬರಿ ಬೇಡ. ಒಂದು ಟ್ರಿಪ್ ಮುಗಿಸಿ ಬಂದ ಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸಿನ ಕೆಳಗಿನ ಕ್ಲಿಪ್ಪು ಸಡಿಲಿಸಿ ಮತ್ತೆ ನೋಡಬೇಕು. ಅಲ್ಲಿ ತೆಳು ಜಿಡ್ಡು ಮಾತ್ರ ಇದ್ದರೆ ಕ್ಲಿಪ್ಪು ಬಿಗಿದು ಗಾಡಿ ಲೋಡಿಗೆ ಬಿಡಬಹುದು. ಆಯಿಲ್ ನಿಂತಿದ್ದರೆ ಬ್ರೀದರಿನಿಂದ ಮತ್ತೆ ಶುರುಮಾಡಬೇಕು.